ಡೇಟಾಬೇಸ್ ಕ್ವೆರಿ ಟೂಲ್ ಆರಿಸೋದು ಹೇಗೆ: ಕೋಡ್ ಬರದೇ ಇರೋರಿಗೂ, ಡೆವಲಪರ್‌ಗಳಿಗೂ

ಮೈಸೂರು ಮಂಡ್ಯ ಕಡೆ ಹಾಲಿನ ಡೇರಿ, ರೈಸ್ ಮಿಲ್, ನರ್ಸಿಂಗ್ ಹೋಮ್, ಹೆಬ್ಬಾಳ ಕೂರ್ಗಳ್ಳಿ ಸೈಡಿನ ಸಣ್ಣ ಫ್ಯಾಕ್ಟರಿ, ಎಲ್ಲಿ ಹೋದ್ರೂ ಬಿಲ್ಲಿಂಗ್ ಸಾಫ್ಟ್‌ವೇರ್ ಹಿಂದೆ ಒಂದು ಡೇಟಾಬೇಸ್ ಇದ್ದೇ ಇರತ್ತೆ. ಅದಕ್ಕೆ ಪ್ರಶ್ನೆ ಹಾಕಿ (ಇದನ್ನೇ ಕ್ವೆರಿ ಅನ್ನೋದು) ನಾವೇ ಲೆಕ್ಕ ತೆಗೀಬೇಕು ಅಂತ ಹೊರಟೋರು ಮತ್ತೆ ಮತ್ತೆ ಒಂದೇ ಜಾಗದಲ್ಲಿ ಎಡವ್ತಿದ್ದಾರೆ. ಮೊದಲು ಟೂಲ್ ಇನ್‌ಸ್ಟಾಲ್ ಮಾಡ್ತಾರೆ, ಆಮೇಲೆ ಯಾರು ಬಳಸೋದು ಅಂತ ಯೋಚಿಸ್ತಾರೆ. ಡೆವಲಪರ್‌ಗೆ ಇಷ್ಟ ಆದದ್ದನ್ನ ಅಕೌಂಟ್ಸ್ ಮೇಡಂ ಸಿಸ್ಟಮ್‌ಗೆ ಹಾಕ್ತಾರೆ, ಅವರು ಅದನ್ನ ತೆಗೆಯೋಕೇ ಹೆದರ್ತಾರೆ, ಎರಡು ತಿಂಗಳಿಗೆ ಎಲ್ಲಾ ವಾಪಸ್ ಎಕ್ಸೆಲ್‌ಗೇ ಬರತ್ತೆ.

ಅದಕ್ಕೆ ಮೊದಲೇ ಹೇಳ್ಬಿಡ್ತೀನಿ, ಟೂಲ್ ಆರಿಸೋದು ಐದನೇ ಕೆಲಸ, ಅದಕ್ಕೂ ಮುಂಚೆ ನಾಲ್ಕು ಕೆಲಸ ಇದೆ. ಎಲ್ಲರಿಗೂ ಒಂದೇ ಟೂಲ್ ಅನ್ನೋ ಆಸೆನೂ ಬಿಡಿ. ಕೇಳೋರಿಗೆ ಒಂದು, ಕೋಡ್ ಬರೆಯೋರಿಗೆ ಒಂದು, ಆದ್ರೆ ಎರಡೂ ಓದೋ ಲೆಕ್ಕ ಮಾತ್ರ ಒಂದೇ ಆಗಿರ್ಬೇಕು. ಇಡೀ ಮಾರ್ಗದರ್ಶಿಯಲ್ಲಿ ಉದಾಹರಣೆಗೆ ಹಾಲಿನ ಡೇರಿ ಲೆಕ್ಕನೇ ತಗೊಂಡಿದೀನಿ. ಬೆಳಿಗ್ಗೆ ಸಂಜೆ ಹಾಲು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಹಾಲಲ್ಲಿರೋ ಘನಾಂಶ), ಬಟವಾಡೆ (ಹಾಲಿನ ದುಡ್ಡು ಹಂಚೋದು), ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರೋದು. ನಿಮ್ಮದು ಬೇರೆ ವ್ಯವಹಾರ ಆದ್ರೂ ಕ್ರಮ ಇದೇ.

ಶುರು ಮಾಡೋಕೆ ಮುಂಚೆ ಬೇಕಾಗಿರೋದು

ಡೇಟಾಬೇಸ್ ಯಾವುದು ಅನ್ನೋ ಮಾಹಿತಿ, ಸರ್ವರ್ ಅಡ್ರೆಸ್, ಹೊಸ ಯೂಸರ್ ಮಾಡೋ ಅಧಿಕಾರ ಇರೋ ಒಬ್ಬರು, ಇತ್ತೀಚಿನ ಬ್ಯಾಕಪ್, ಟ್ರಯಲ್‌ಗೆ ಒಂದು ಖಾಲಿ ಸಿಸ್ಟಮ್. ಇದಕ್ಕಿಂತ ಮುಖ್ಯ, ದಿನಾ ಲೆಕ್ಕ ಕೇಳೋರು ಒಬ್ಬರು ನಿಮ್ಮ ಜೊತೆ ಒಂದು ಗಂಟೆ ಕೂರೋಕೆ ಒಪ್ಪಬೇಕು. ಅವರಿಗೆ ಪುರುಸೊತ್ತಿಲ್ಲ ಅಂದ್ರೆ ಅವರಿಗೆ ಪುರುಸೊತ್ತಾದಾಗಲೇ ಶುರು ಮಾಡಿ, ಅವರನ್ನ ಬಿಟ್ಟು ಮಾಡಿದ್ದು ಯಾವುದೂ ನಿಲ್ಲಲ್ಲ.

ಹಂತ 1: ಪ್ರಶ್ನೆಗಳನ್ನ ಅವರ ಮಾತಲ್ಲೇ ಬರ್ಕೊಳ್ಳಿ

ಒಂದು ಹಾಳೆ ತಗೊಂಡು, ಸೆಕ್ರೆಟರಿ, ಅಕೌಂಟ್ಸ್‌ನೋರು, ಮ್ಯಾನೇಜರ್, ಇವರು ನಿಜವಾಗ್ಲೂ ಏನು ಕೇಳ್ತಾರೆ ಅಂತ ಬರೀರಿ. "ಸಾ, ಹೋದ್ ಬಟವಾಡೇಲಿ ಯಾರ್‍ಯಾರಿಗೆ ದುಡ್ಡು ಕಮ್ಮಿ ಬಂತು?" ಅಂದ್ರೆ ಹಾಗೇ ಬರ್ಕೊಳ್ಳಿ, ನಿಮ್ಮ ಟೇಬಲ್ ಹೆಸರಿಗೆ ತಿರುಗಿಸೋಕೆ ಹೋಗ್ಬೇಡಿ. ಹತ್ತು ಹನ್ನೆರಡು ಪ್ರಶ್ನೆ ಸಾಕು.

ಆಮೇಲೆ ಅದನ್ನ ಮೂರು ಗುಂಪು ಮಾಡಿ. ದಿನಾ ಒಂದೇ ತರ ಬರೋ ಪ್ರಶ್ನೆ, ಅಂದ್ರೆ ಇವತ್ತು ಎಷ್ಟು ಲೀಟರ್ ಬಂತು ಅನ್ನೋದು. ಪ್ರತಿ ಸಲ ಹೊಸದಾಗಿ ಹುಟ್ಟೋ ಪ್ರಶ್ನೆ, ಅಂದ್ರೆ ಒಂದೇ ಮನೇಲಿ ಎರಡು ಸದಸ್ಯರ ನಂಬರ್ ಇರೋರು ಎಷ್ಟು ಜನ ಅನ್ನೋ ತರದ್ದು. ಮೂರನೇದು ಪ್ರಶ್ನೆನೇ ಅಲ್ಲ, ತಿದ್ದುಪಡಿ: "ಆ ಎಂಟ್ರಿ ತಪ್ಪಾಗಿದೆ, ಸರಿ ಮಾಡ್ಬೇಕು."

ಮೂರನೇ ಗುಂಪನ್ನ ಇಲ್ಲೇ ಹೊಡೆದು ಹಾಕಿ. ತಿದ್ದೋ ಕೆಲಸ ಆಗಬೇಕಾಗಿರೋದು ಬಿಲ್ಲಿಂಗ್ ಸಾಫ್ಟ್‌ವೇರ್ ಒಳಗೆ, ಅಲ್ಲಿ ಯಾರು ಯಾವಾಗ ತಿದ್ದಿದ್ರು ಅಂತ ದಾಖಲೆ ಉಳಿಯತ್ತೆ. ಕ್ವೆರಿ ಟೂಲಿಂದ ತಿದ್ದೋಕೆ ಬಿಟ್ರೆ ಆಡಿಟ್ ಟೈಮಲ್ಲಿ ಉತ್ತರ ಹೇಳೋಕೆ ಯಾರೂ ಸಿಗಲ್ಲ. ಮೊದಲನೇ ಗುಂಪು ಜಾಸ್ತಿ ಇದ್ರೆ ನಿಮಗೆ ಬೇಕಾಗಿರೋದು ಡ್ಯಾಶ್‌ಬೋರ್ಡ್ (ಮುಖ್ಯ ಲೆಕ್ಕ ಎಲ್ಲಾ ಒಂದೇ ಪರದೇಲಿ ಕಾಣೋದು), ಎರಡನೇದು ಜಾಸ್ತಿ ಇದ್ರೆ ಮೌಸಲ್ಲೇ ಒತ್ತಿ ಒತ್ತಿ ಪ್ರಶ್ನೆ ಕಟ್ಟೋ ಟೂಲ್.

ಹಂತ 2: ಡೇಟಾ ಎಲ್ಲಿದೆ, ಯಾವುದರಲ್ಲಿದೆ ನೋಡಿ

ಸಾಫ್ಟ್‌ವೇರ್ ಕೊಟ್ಟೋರನ್ನ ಕೇಳಿ: ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿನಾ, ಪೋಸ್ಟ್‌ಗ್ರೆಸ್ಸಾ, ಎಸ್‌ಕ್ಯೂಎಲ್ ಸರ್ವರಾ, ಎಸ್‌ಕ್ಯೂಎಲೈಟಾ, ಮಾಂಗೋಡಿಬಿನಾ? ಪೋರ್ಟ್ ನಂಬರ್ (ಸರ್ವರ್ ಒಳಗೆ ಹೋಗೋ ಬಾಗಿಲಿನ ನಂಬರ್) ನೋಡಿದ್ರೂ ಸುಳಿವು ಸಿಗತ್ತೆ, ಸಾಮಾನ್ಯವಾಗಿ ಮೈಎಸ್‌ಕ್ಯೂಎಲ್ 3306, ಪೋಸ್ಟ್‌ಗ್ರೆಸ್ 5432, ಎಸ್‌ಕ್ಯೂಎಲ್ ಸರ್ವರ್ 1433, ಮಾಂಗೋ 27017. ವರ್ಷನ್ನೂ ಬರ್ಕೊಳ್ಳಿ, ತುಂಬಾ ಹಳೇ ಸರ್ವರ್ ಆದ್ರೆ ಹೊಸ ಟೂಲ್‌ಗಳು ಕನೆಕ್ಟ್ ಆಗೋಕೆ ತಕರಾರು ಮಾಡ್ತವೆ.

ಸರ್ವರ್ ಆಫೀಸಲ್ಲೇ ಇದೆಯಾ ಕ್ಲೌಡಲ್ಲಿದೆಯಾ ಅನ್ನೋದೂ ಮುಖ್ಯ. ಕ್ಲೌಡಲ್ಲಿದ್ರೆ "ಮನೆಯಿಂದ ನೋಡ್ಬೇಕು, ಪೋರ್ಟ್ ಓಪನ್ ಮಾಡಿ" ಅಂತ ಯಾರಾದ್ರೂ ಕೇಳೇ ಕೇಳ್ತಾರೆ. 3306 ಅನ್ನ ಇಡೀ ಇಂಟರ್ನೆಟ್‌ಗೆ ತೆರೆದಿಟ್ರೆ ಪಾಸ್‌ವರ್ಡ್ ಹುಡುಕೋ ಬಾಟ್‌ಗಳು ಬಂದು ಬಡಿಯೋಕೆ ಶುರು ಮಾಡ್ತವೆ. ಎಸ್‌ಎಸ್‌ಎಚ್ ಟನಲ್ ಇಲ್ಲಾ ವಿಪಿಎನ್ (ಎರಡೂ ಹೊರಗಿನೋರಿಗೆ ಕಾಣದ ಗುಪ್ತ ದಾರಿ) ಮೂಲಕ ಮಾತ್ರ ಹೋಗಿ, ಡಿಬೀವರ್, ಹೈಡಿಎಸ್‌ಕ್ಯೂಎಲ್, ಮೈಎಸ್‌ಕ್ಯೂಎಲ್ ವರ್ಕ್‌ಬೆಂಚ್ ಈ ಮೂರು ಕ್ವೆರಿ ಟೂಲಲ್ಲೂ ಟನಲ್ ಸೌಲಭ್ಯ ಇದೆ.

ಹಂತ 3: ಓದೋಕೆ ಮಾತ್ರ ಆಗೋ ಲಾಗಿನ್ ಮಾಡಿ

ಇದನ್ನ ಬಿಟ್ಟು ಮುಂದೆ ಹೋಗ್ಲೇಬೇಡಿ. ರೂಟ್ ಲಾಗಿನ್ (ಎಲ್ಲಾ ಅಧಿಕಾರ ಇರೋದು) ಕೊಟ್ಟು "ಹುಷಾರಾಗಿ ಬಳಸಿ" ಅಂದ್ರೆ ಆಗಲ್ಲ. ವೇರ್ (ಯಾವ ಸಾಲು ಅಂತ ಹೇಳೋ ಷರತ್ತು) ಇಲ್ಲದ ಒಂದು ಡಿಲೀಟ್ ಕಮಾಂಡ್ ಸಾಕು, ಇಡೀ ಟೇಬಲ್ ಖಾಲಿ. ವರ್ಕ್‌ಬೆಂಚಲ್ಲಿ ಸೇಫ್ ಅಪ್‌ಡೇಟ್ಸ್ ಅನ್ನೋದು ಮೊದಲಿಂದಲೇ ಆನ್ ಇರತ್ತೆ, ಕೀ ಕಾಲಂ (ಸಾಲನ್ನ ಗುರುತಿಸೋ ಕಾಲಂ) ವೇರ್‌ನಲ್ಲಿ ಕೊಡದೇ ಇದ್ರೆ ಅಪ್‌ಡೇಟ್ ಡಿಲೀಟ್ ಎರಡನ್ನೂ ತಡೆಯತ್ತೆ, ಆದ್ರೆ ಬೇರೆ ಟೂಲಲ್ಲೂ ಹಾಗೇ ಅಂತ ಅಂದ್ಕೊಳ್ಳಬೇಡಿ. ಡಿಬೀವರ್‌ನಲ್ಲಿ ಕನೆಕ್ಷನ್‌ಗೆ ರೀಡ್ ಓನ್ಲಿ ಟಿಕ್ ಇದೆ, ಹಾಕಿ, ಒಳ್ಳೇದು. ಆದ್ರೆ ಆ ಟಿಕ್ ಅದೇ ಮನುಷ್ಯ ತೆಗೀಬಹುದು. ನಿಜವಾದ ಬೀಗ ಇರಬೇಕಾಗಿರೋದು ಸರ್ವರಲ್ಲಿ, ಆ ಯೂಸರ್‌ಗೆ ಸೆಲೆಕ್ಟ್ (ಓದೋ ಅಧಿಕಾರ) ಬಿಟ್ರೆ ಬೇರೆ ಏನೂ ಗ್ರಾಂಟ್ ಆಗಿರಬಾರದು.

ಜೊತೆಗೆ ಟೈಮ್ ಮಿತಿ ಹಾಕಿ. ಬೆಳಿಗ್ಗೆ ಹಾಲು ಹಾಕೋ ಹೊತ್ತಲ್ಲಿ ಯಾರೋ ಮೂರು ವರ್ಷದ ಲೆಕ್ಕ ಒಟ್ಟಿಗೆ ಕೇಳಿದ್ರೆ ಕೌಂಟರಲ್ಲಿ ಎಂಟ್ರಿ ನಿಂತೋಗತ್ತೆ, ಹೊರಗಡೆ ಕ್ಯಾನ್ ಹಿಡ್ಕೊಂಡ್ ಜನ ಕಾಯ್ತಿರ್ತಾರೆ. ಮೈಎಸ್‌ಕ್ಯೂಎಲ್‌ನಲ್ಲಿ ಮ್ಯಾಕ್ಸ್ ಎಕ್ಸಿಕ್ಯೂಷನ್ ಟೈಮ್ ಅನ್ನೋ ಸೆಟ್ಟಿಂಗ್ ಇದೆ, ಮಿಲಿಸೆಕೆಂಡ್ ಲೆಕ್ಕ, 30000 ಕೊಟ್ರೆ ಅರ್ಧ ನಿಮಿಷಕ್ಕೆ ಸೆಲೆಕ್ಟ್ ಕ್ವೆರಿ ಕಡಿದುಹೋಗತ್ತೆ. ಪೋಸ್ಟ್‌ಗ್ರೆಸ್‌ನಲ್ಲಿ ಅದೇ ಕೆಲಸಕ್ಕೆ ಸ್ಟೇಟ್‌ಮೆಂಟ್ ಟೈಮ್‌ಔಟ್, ಅದನ್ನ ಆ ಒಬ್ಬ ಯೂಸರ್‌ಗೆ ಮಾತ್ರ ಅಂತಲೂ ಹಾಕಬಹುದು. ರಾತ್ರಿ ಬ್ಯಾಕಪ್ಪನ್ನ ಇನ್ನೊಂದು ಸಿಸ್ಟಮ್‌ಗೆ ರಿಸ್ಟೋರ್ ಮಾಡಿ ಅದರ ಮೇಲೆ ಕ್ವೆರಿ ಓಡಿಸೋದು ಇನ್ನೂ ನೆಮ್ಮದಿ, ನಿನ್ನೆವರೆಗಿನ ಲೆಕ್ಕ ಸಾಕು ಅನ್ನೋರಿಗೆ ನಾನು ಹೇಳೋದು ಇದನ್ನೇ. ಬ್ಯಾಕಪ್ ನಿಜವಾಗ್ಲೂ ಸರಿ ಇದೆಯಾ ಅಂತ ದಿನಾ ಪರೀಕ್ಷೆನೂ ಆಗೋಗತ್ತೆ.

ಹಂತ 4: ವ್ಯೂ ಕಟ್ಟಿ

ವ್ಯೂ ಅಂದ್ರೆ ಒಳಗಿನ ಟೇಬಲ್‌ಗಳಿಂದ ಬೇಕಾದಷ್ಟನ್ನೇ ತೆಗೆದು ತೋರಿಸೋ, ಮೊದಲೇ ಕಟ್ಟಿಟ್ಟ ಕ್ವೆರಿ. ಒಳಗಿನ ಟೇಬಲ್‌ಗಳನ್ನ ಹಾಗೇ ತೋರಿಸಿದ್ರೆ ಕೋಡ್ ಗೊತ್ತಿಲ್ಲದೋರು ಕಂಗಾಲಾಗ್ತಾರೆ. ಸ್ಟೇಟಸ್ ಕಾಲಂನಲ್ಲಿ 3 ಅಂತಿದ್ರೆ ಅದು ರದ್ದಾದ ಎಂಟ್ರಿ ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು? ಅದನ್ನೂ ಸೇರಿಸಿ ಕೂಡ್ತಾರೆ, ಲೆಕ್ಕ ಜಾಸ್ತಿ ಬರತ್ತೆ, ಆಮೇಲೆ ಟೂಲ್ ಸರಿಯಿಲ್ಲ ಅಂತಾರೆ.

ಡೆವಲಪರ್ ಕೂತು ಐದಾರು ವ್ಯೂ ಮಾಡ್ಬೇಕು. ಕಾಲಂ ಹೆಸರು ಜನ ಆಡೋ ಮಾತಲ್ಲೇ ಇರಲಿ: ಸದಸ್ಯರ ನಂಬರ್, ದಿನಾಂಕ, ಹೊತ್ತು, ಲೀಟರ್, ಫ್ಯಾಟ್, ಮೊತ್ತ. ರದ್ದಾದ ಎಂಟ್ರಿ ವ್ಯೂ ಒಳಗೇ ಸೋಸಿ ಹೋಗಿರಲಿ. ಆಧಾರ್ ನಂಬರ್, ಬ್ಯಾಂಕ್ ಅಕೌಂಟ್, ಫೋನ್ ನಂಬರ್ ವ್ಯೂನಲ್ಲಿ ಹಾಕಲೇಬೇಡಿ, ಲೀಟರ್ ಲೆಕ್ಕ ಕೇಳೋರಿಗೆ ಅದು ಯಾಕೆ? 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಬಂದ ಮೇಲಂತೂ ಇದು ಬರೀ ಒಳ್ಳೇ ಅಭ್ಯಾಸ ಅಂತ ಬಿಡೋ ಹಾಗಿಲ್ಲ. ಹಂತ 3ರ ಯೂಸರ್‌ಗೆ ವ್ಯೂಗಳ ಮೇಲೆ ಮಾತ್ರ ಸೆಲೆಕ್ಟ್ ಕೊಡಿ, ಒಳಗಿನ ಟೇಬಲ್ ಮೇಲೆ ಬೇಡ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಎರಡರಲ್ಲೂ ಮಾಮೂಲಿ ವ್ಯೂ ಅದನ್ನ ಮಾಡಿದೋರ ಅಧಿಕಾರದಲ್ಲೇ ಓಡತ್ತೆ, ಹಾಗಾಗಿ ಇಷ್ಟು ಸಾಕಾಗತ್ತೆ.

ಡೆವಲಪರ್ ಕೂಡ ರಿಪೋರ್ಟ್ ಕೊಡೋವಾಗ ಇದೇ ವ್ಯೂ ಬಳಸ್ಬೇಕು. ಅವರು ಒಳಗಿನ ಟೇಬಲಿಂದ, ಇವರು ವ್ಯೂ ಇಂದ ತೆಗೆದ್ರೆ ಮೀಟಿಂಗಲ್ಲಿ ಎರಡು ನಂಬರ್ ಬರ್ತವೆ, ಅಲ್ಲಿಗೆ ಟೂಲ್ ಮೇಲಿನ ನಂಬಿಕೆ ಮುಗೀತು.

ಹಂತ 5: ಟೂಲ್ ಆರಿಸಿ

ಈಗ ಟೂಲ್. ಎರಡು ಸಾಲು ಬೇರೆ ಬೇರೆ ಇಟ್ಕೊಂಡು ಯೋಚಿಸಿ.

ಕೋಡ್ ಬರದೋರಿಗೆ: ಬ್ರೌಸರಲ್ಲಿ ತೆಗೆದು ಮೌಸಲ್ಲೇ ಪ್ರಶ್ನೆ ಕಟ್ಟೋ ಹಾಗಿರೋದ್ರಲ್ಲಿ ಮೆಟಾಬೇಸ್ ಮೊದಲು ನೋಡಿ. ಉಚಿತ ಓಪನ್ ಸೋರ್ಸ್ ಆವೃತ್ತಿ ಇದೆ, ಜಾವಾ ಇಲ್ಲಾ ಡಾಕರ್ (ಸಾಫ್ಟ್‌ವೇರನ್ನ ಕಂಟೈನರ್ ಅನ್ನೋ ಪೊಟ್ಟಣದಲ್ಲಿ ಓಡಿಸೋದು) ಮೂಲಕ ಒಂದು ಸಿಸ್ಟಮಲ್ಲಿ ಹಾಕಿದ್ರೆ ಆಫೀಸಿನೋರೆಲ್ಲ ಬ್ರೌಸರಿಂದ ನೋಡಬಹುದು, ಮಾಮೂಲಿ ಪೋರ್ಟ್ 3000. 4 ಜಿಬಿ ರ್‍ಯಾಮ್ ಇರೋ ಸಿಸ್ಟಮ್ ಕೊಡಿ, ಮೂಲೇಲಿ ಬಿದ್ದಿರೋ ಹಳೇ ಡಬ್ಬಾಗೆ ಹಾಕಿ ಸ್ಲೋ ಅನ್ನಬೇಡಿ. ಒಂದು ಅಪಾಯ ಇದೆ, ಇದನ್ನ ತುಂಬಾ ಜನ ನೋಡ್ಕೊಳ್ಳಲ್ಲ: ಮೆಟಾಬೇಸ್ ನೀವು ಉಳಿಸಿದ ಪ್ರಶ್ನೆ, ಡ್ಯಾಶ್‌ಬೋರ್ಡ್ ಎಲ್ಲಾನೂ ಬೇರೆ ಹೇಳದೇ ಇದ್ರೆ ಎಚ್2 ಅನ್ನೋ ಒಂದು ಫೈಲ್ ಡೇಟಾಬೇಸಲ್ಲಿ ಇಡತ್ತೆ, ಡಾಕರ್ ಕಂಟೈನರ್ ತೆಗೆದು ಹೊಸದು ಹಾಕಿದ್ರೆ ಅದೂ ಜೊತೇಲೇ ಹೋಗತ್ತೆ, ಹೊರಗಡೆ ಎಲ್ಲೂ ಉಳಿಸಿಲ್ಲ ಅಂದ್ರೆ ತಿಂಗಳುಗಟ್ಟಲೆ ಮಾಡಿದ್ದು ಒಂದು ಕಮಾಂಡಿಗೆ ಮಾಯ. ಮೊದಲ ದಿನವೇ ಅದಕ್ಕೆ ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್ ಕೊಡಿ.

ಎಕ್ಸೆಲ್ ಕೈಗೆ ಕೂತಿರೋರನ್ನ ಬಲವಂತವಾಗಿ ಎಬ್ಬಿಸಬೇಡಿ. ಎಕ್ಸೆಲ್‌ನ ಡೇಟಾ ಟ್ಯಾಬಲ್ಲಿ ಪವರ್ ಕ್ವೆರಿ ಇದೆ, ಅದರಿಂದ ನೇರವಾಗಿ ವ್ಯೂಗೆ ಕನೆಕ್ಟ್ ಆಗಿ ರಿಫ್ರೆಶ್ ಒತ್ತಿದ್ರೆ ಸಾಕು. ಮೈಎಸ್‌ಕ್ಯೂಎಲ್‌ಗೆ ಬೇರೆ ಕನೆಕ್ಟರ್ ಹಾಕ್ಬೇಕು, ಮತ್ತೆ ಒಂದು ಶೀಟಿಗೆ 10,48,576 ಸಾಲಿನ ಮಿತಿ ಇದೆ, ನೆನಪಿರಲಿ. ರಿಪೋರ್ಟ್ ಮಾಡೋ ಪವರ್ ಬಿಐ ಡೆಸ್ಕ್‌ಟಾಪ್ ಉಚಿತ, ವಿಂಡೋಸಲ್ಲಿ ಮಾತ್ರ, ಆದ್ರೆ ಮಾಡಿದ್ದನ್ನ ಇನ್ನೊಬ್ಬರಿಗೆ ಸರಿಯಾಗಿ ಹಂಚೋಕೆ ಹೋದಾಗ ಲೈಸೆನ್ಸ್ ದುಡ್ಡು ಶುರುವಾಗತ್ತೆ. ಮೆಟಾಬೇಸ್ ತರದ್ದೇ ಇನ್ನೊಂದು ಟೂಲ್ ಸೂಪರ್‌ಸೆಟ್ ಶಕ್ತಿಶಾಲಿ, ಆದ್ರೆ ನೋಡ್ಕೊಳ್ಳೋಕೆ ಪೈಥಾನ್ ಗೊತ್ತಿರೋ ಒಬ್ಬರು ಇದ್ರೆ ಮಾತ್ರ ಕೈ ಹಾಕಿ.

ಡೆವಲಪರ್‌ಗೆ: ಡಿಬೀವರ್ ಕಮ್ಯುನಿಟಿ ಉಚಿತ, ವಿಂಡೋಸ್ ಲಿನಕ್ಸ್ ಮ್ಯಾಕ್ ಮೂರರಲ್ಲೂ ಓಡತ್ತೆ, ಮೇಲೆ ಹೇಳಿದ ಎಸ್‌ಕ್ಯೂಎಲ್ ಡೇಟಾಬೇಸ್ ಎಲ್ಲಕ್ಕೂ ಹೋಗತ್ತೆ. ಮಾಂಗೋ ಆದ್ರೆ ಕಂಪಾಸ್ ತಗೊಳ್ಳಿ. ಬರೀ ಮೈಎಸ್‌ಕ್ಯೂಎಲ್, ವಿಂಡೋಸ್, ಸಿಸ್ಟಮ್ ಹಳೇದು ಅಂದ್ರೆ ಹೈಡಿಎಸ್‌ಕ್ಯೂಎಲ್ ಹಗುರವಾಗಿದೆ. ಪೋಸ್ಟ್‌ಗ್ರೆಸ್ ಅಡ್ಮಿನ್ ಕೆಲಸಕ್ಕೆ ಪಿಜಿಅಡ್ಮಿನ್, ಎಸ್‌ಕ್ಯೂಎಲ್ ಸರ್ವರ್‌ಗೆ ಎಸ್‌ಎಸ್‌ಎಂಎಸ್. ಅಜೂರ್ ಡೇಟಾ ಸ್ಟುಡಿಯೋ ಈಗ ಹೊಸದಾಗಿ ಹಾಕ್ಬೇಡಿ, ಮೈಕ್ರೋಸಾಫ್ಟ್ ಅದರ ಸಪೋರ್ಟ್ 2026ರ ಫೆಬ್ರವರಿ 28ಕ್ಕೆ ಮುಗಿಯತ್ತೆ ಅಂತ ಮೊದಲೇ ಹೇಳಿತ್ತು. ಪಿಎಚ್‌ಪಿಮೈಅಡ್ಮಿನ್ ಸರ್ವರ್ ಜೊತೆ ಬಂದಿರತ್ತೆ ಅಂತ ಎಲ್ಲರಿಗೂ ಅದನ್ನೇ ಕೊಟ್ಟುಬಿಡೋ ಆಫೀಸುಗಳಿವೆ, ಪ್ರತಿ ಸಾಲಿನ ಪಕ್ಕದಲ್ಲೇ ಡಿಲೀಟ್ ಬಟನ್ ಇರೋ ಪರದೆಯನ್ನ ಲೆಕ್ಕ ನೋಡೋರ ಮುಂದೆ ಇಡೋದು ತಪ್ಪು.

ಎರಡೂ ಕಡೆಯಿಂದ ಒಂದೊಂದು, ಹೆಚ್ಚಂದ್ರೆ ಎರಡೆರಡು ಟ್ರಯಲ್‌ಗೆ ತಗೊಳ್ಳಿ. ಐದಾರು ಹಾಕಿ ಹೋಲಿಸ್ತಾ ಕೂತೋರು ಯಾವುದನ್ನೂ ಆರಿಸಿದ್ದು ನಾನು ನೋಡಿಲ್ಲ.

ಹಂತ 6: ಉತ್ತರ ಗೊತ್ತಿರೋ ಪ್ರಶ್ನೆ ಹಾಕಿ ಪರೀಕ್ಷೆ ಮಾಡಿ

ಟ್ರಯಲ್ ಅಂದ್ರೆ ಡೆವಲಪರ್ ತೋರಿಸೋ ಡೆಮೋ ಅಲ್ಲ. ಲೆಕ್ಕ ಕೇಳೋರು ಮೌಸ್ ಹಿಡೀಬೇಕು, ಡೆವಲಪರ್ ಪಕ್ಕದಲ್ಲಿ ಸುಮ್ನೆ ಕೂರ್ಬೇಕು. ಹಂತ 1ರ ಹಾಳೆಯಿಂದ ಐದು ಪ್ರಶ್ನೆ ಆರಿಸಿ, ಉತ್ತರ ಮೊದಲೇ ರಿಜಿಸ್ಟರ್ ನೋಡಿ ಕೈಯಲ್ಲಿ ಕೂಡಿಟ್ಟಿರಿ. ಕೆಳಗಿನ ಜಾಗಗಳಲ್ಲೇ ಜನ ಜಾರೋದು.

ಸರಾಸರಿ. ಒಬ್ಬರು 2 ಲೀಟರ್ ಹಾಲು 5.0 ಫ್ಯಾಟಲ್ಲಿ ಹಾಕಿದ್ರು, ಇನ್ನೊಬ್ಬರು 10 ಲೀಟರ್ 3.5 ಫ್ಯಾಟಲ್ಲಿ. ಟೂಲಲ್ಲಿ ಆವರೇಜ್ ಅಂತ ಒತ್ತಿದ್ರೆ 4.25 ಬರತ್ತೆ. ಕ್ಯಾನಲ್ಲಿರೋ ಹಾಲಿನ ನಿಜವಾದ ಫ್ಯಾಟ್ 3.75, ಯಾಕಂದ್ರೆ ಲೀಟರನ್ನ ಫ್ಯಾಟಿಂದ ಗುಣಿಸಿ ಕೂಡಿ, ಒಟ್ಟು ಲೀಟರಿಂದ ಭಾಗಿಸ್ಬೇಕು, 45 ಭಾಗಿಸು 12. ಆವರೇಜ್ ಬಟನ್‌ಗೆ ಇದು ಗೊತ್ತಿಲ್ಲ. ಈ ಲೆಕ್ಕನ ಡೆವಲಪರ್ ಮೊದಲೇ ಕಟ್ಟಿಟ್ಟು ಹೆಸರು ಕೊಟ್ಟಿಡೋಕೆ ಟೂಲಲ್ಲಿ ಜಾಗ ಇದೆಯಾ ನೋಡಿ, ಮೆಟಾಬೇಸಲ್ಲಿ ಇದೆ.

ಎರಡು ಟೇಬಲ್ ಸೇರಿಸೋದು. ಒಬ್ಬ ಸದಸ್ಯರು ಹತ್ತು ದಿನದಲ್ಲಿ ಎರಡು ಹೊತ್ತು ಹಾಕಿದ್ರೆ 20 ಎಂಟ್ರಿ. ಅವರಿಂದ ಫೀಡ್ ದುಡ್ಡು ಒಂದು, ಸಾಲದ ಕಂತು ಒಂದು, ಎರಡು ಬಾಬ್ತು ಮುರ್ಕೊಂಡಿದ್ದೀರಿ. ಎರಡು ಟೇಬಲನ್ನ ಸದಸ್ಯರ ನಂಬರ್ ಮೇಲೆ ಸುಮ್ನೆ ಜೋಡಿಸಿದ್ರೆ 40 ಸಾಲು ಆಗತ್ತೆ, 100 ಲೀಟರ್ ಹಾಕಿದೋರು 200 ಲೀಟರ್ ಹಾಕಿದ ಹಾಗೆ ಕಾಣತ್ತೆ. ಎರರ್ ಏನೂ ಬರಲ್ಲ, ನಂಬರ್ ಅಚ್ಚುಕಟ್ಟಾಗಿ ಕಾಣತ್ತೆ, ಅದೇ ಅಪಾಯ. ಇದಕ್ಕೆ ಮದ್ದು ಟೂಲಲ್ಲಿ ಇಲ್ಲ, ಹಂತ 4ರಲ್ಲಿ ಸದಸ್ಯರಿಗೊಂದು ಸಾಲು ಬರೋ ಹಾಗೆ ಒಟ್ಟು ಮಾಡಿದ ವ್ಯೂ ಕೊಡೋದು ಮದ್ದು.

ಸಾಲಿನ ಮಿತಿ. ಡಿಬೀವರ್ ಮೊದಲಿಗೆ 200 ಸಾಲು ತರತ್ತೆ, ವರ್ಕ್‌ಬೆಂಚ್ 1000, ಮೆಟಾಬೇಸ್ ಪರದೆ ಮೇಲೆ 2000. ಕಂಡಷ್ಟೇ ಕಾಪಿ ಮಾಡಿ ಎಕ್ಸೆಲಲ್ಲಿ ಕೂಡಿದ್ರೆ ಲೆಕ್ಕ ತಪ್ಪು. ಸಾಲುಗಳ ಸಂಖ್ಯೆ ಸರಿಯಾಗಿ 200, 1000, 2000 ಅಂತ ಬಂದ್ರೆ ಅಲ್ಲೇ ಅನುಮಾನ ಪಡಿ.

ದಿನಾಂಕ. ಸರ್ವರ್ ಗಡಿಯಾರ ಯುಟಿಸಿಯಲ್ಲಿದ್ರೆ (ಜಾಗತಿಕ ಪ್ರಮಾಣ ಸಮಯ) ನಮ್ಮ ಟೈಮಿಗಿಂತ ಐದೂವರೆ ಗಂಟೆ ಹಿಂದೆ. ಬೆಳಿಗ್ಗೆ 5:15ಕ್ಕೆ ಹಾಕಿದ ಹಾಲು ಅಲ್ಲಿ ಹಿಂದಿನ ದಿನ ರಾತ್ರಿ 11:45. ಬೆಳಗಿನ ಜಾವ ಬಂದ ಎಂಟ್ರಿ ಮಾತ್ರ ನಿನ್ನೆ ಲೆಕ್ಕಕ್ಕೆ ಸೇರ್ತಿದೆ ಅಂದ್ರೆ ಕಾರಣ ಇದೇ. ಟೂಲಲ್ಲಿ ಟೈಮ್‌ಝೋನ್ ಸೆಟ್ಟಿಂಗ್ ಇರತ್ತೆ, ಆದ್ರೂ ವ್ಯೂನಲ್ಲೇ ನಮ್ಮ ದಿನಾಂಕದ ಕಾಲಂ ಬೇರೆ ಮಾಡೋದು ವಾಸಿ, ಆಗ ಯಾವ ಟೂಲಲ್ಲಿ ತೆಗೆದ್ರೂ ಒಂದೇ ದಿನ ಬರತ್ತೆ.

ಕನ್ನಡ. ಇದನ್ನ ಪರೀಕ್ಷೆ ಮಾಡದೆ ದುಡ್ಡು ಕಟ್ಟಬೇಡಿ. ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಸಾಲಾಗಿ ಬಂದ್ರೆ ಮೈಎಸ್‌ಕ್ಯೂಎಲ್‌ನಲ್ಲಿ ಆ ಕಾಲಂ ಮೇಲೆ ಹೆಕ್ಸ್ ಫಂಕ್ಷನ್ (ಒಳಗೆ ಉಳಿದಿರೋ ಬೈಟ್‌ಗಳನ್ನ ತೋರಿಸೋದು) ಓಡಿಸಿ ನೋಡಿ. ಇ0 ಬಿ2 ಅಥವಾ ಇ0 ಬಿ3 ಅಂತ ಶುರುವಾದ್ರೆ ಡೇಟಾ ಕ್ಷೇಮ, ಟೂಲ್‌ನ ಕನೆಕ್ಷನ್ ಸೆಟ್ಟಿಂಗಲ್ಲಿ ಯುಟಿಎಫ್8ಎಂಬಿ4 (ಯೂನಿಕೋಡ್ ಎನ್‌ಕೋಡಿಂಗ್) ಹಾಕಿ. 3ಎಫ್ 3ಎಫ್ 3ಎಫ್ ಅಂತ ಬಂದ್ರೆ ಎಂಟ್ರಿ ಆಗೋವಾಗಲೇ ಅಕ್ಷರ ಹಾಳಾಗಿದೆ, ಯಾವ ಟೂಲೂ ವಾಪಸ್ ತರಲ್ಲ. ಇನ್ನೊಂದು ನಮ್ಮಲ್ಲಿ ಮಾಮೂಲಿ: ಹಳೇ ಡೇಟಾ ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಫಾಂಟಲ್ಲಿ ಟೈಪ್ ಆಗಿರತ್ತೆ, ಟೂಲಲ್ಲಿ ತಲೆ ಮೇಲೆ ಕೊಂಬು ಚುಕ್ಕೆ ಇರೋ ಇಂಗ್ಲಿಷ್ ಅಕ್ಷರದ ತರ ಕಾಣತ್ತೆ. ಅಂಥಾದ್ದನ್ನ ಒಮ್ಮೆ ಯೂನಿಕೋಡಿಗೆ ಪರಿವರ್ತಿಸಲೇಬೇಕು, ಇಲ್ಲಾಂದ್ರೆ "ಗೌಡ" ಅಂತ ಹುಡುಕಿದ್ರೆ ಒಬ್ಬರೂ ಸಿಗಲ್ಲ, ಮಂಡ್ಯದಲ್ಲಿ! ಟೂಲಿಂದ ಇಳಿಸಿದ ಸಿಎಸ್‌ವಿ (ಕಾಮಾದಿಂದ ಬೇರೆ ಮಾಡಿದ ಪಠ್ಯ) ಫೈಲನ್ನ ಡಬಲ್ ಕ್ಲಿಕ್ ಮಾಡಿ ಎಕ್ಸೆಲಲ್ಲಿ ತೆಗೆದಾಗ ಕನ್ನಡ ಕೆಟ್ಟು ಕಂಡ್ರೆ ಡೇಟಾ ಟ್ಯಾಬಿಂದ ಇಂಪೋರ್ಟ್ ಮಾಡಿ, ಫೈಲ್ ಒರಿಜಿನ್ ಅಂತ ಕೇಳೋ ಕಡೆ 65001 (ಯುಟಿಎಫ್-8) ಆರಿಸಿ, ಸರಿಹೋಗತ್ತೆ.

ಎಐಗೆ ಕನ್ನಡದಲ್ಲೇ ಕೇಳಿ ಕ್ವೆರಿ ಬರೆಸಬಹುದು ಅಲ್ವಾ ಅಂತ ಈಗ ಎಲ್ಲರೂ ಕೇಳ್ತಾರೆ. ಬರೆಸಿ, ಆದ್ರೆ ಅದಕ್ಕೂ ಸ್ಟೇಟಸ್ 3 ಅಂದ್ರೆ ಏನು ಅಂತ ಗೊತ್ತಿರಲ್ಲ, ಮೇಲಿನ ಗುಂಡಿಗೆಲ್ಲಾ ಅದೂ ಬೀಳತ್ತೆ. ವ್ಯೂ ಹೆಸರು, ಕಾಲಂ ಹೆಸರು ಮಾತ್ರ ಕೊಡಿ, ಸದಸ್ಯರ ಡೇಟಾ ಅಂಟಿಸಬೇಡಿ, ಬಂದ ಉತ್ತರ ರಿಜಿಸ್ಟರ್ ಜೊತೆ ತಾಳೆ ನೋಡಿ.

ಹಂತ 7: ನಿಧಾನಕ್ಕೆ ಬಿಡಿ

ಮೊದಲು ಇಬ್ಬರಿಗೆ ಮಾತ್ರ ಲಾಗಿನ್ ಕೊಡಿ. ಒಂದು ಪೂರ್ತಿ ಬಟವಾಡೆ ಅವಧಿ ಹಳೇ ಲೆಕ್ಕ, ಹೊಸ ಲೆಕ್ಕ ಎರಡೂ ಪಕ್ಕಪಕ್ಕ ನಡೀಲಿ, ತಾಳೆ ಆದ ಮೇಲೆ ಉಳಿದೋರಿಗೆ. ಒಬ್ಬೊಬ್ಬರಿಗೂ ಬೇರೆ ಲಾಗಿನ್ ಇರಲಿ, ಆಫೀಸಿಗೆಲ್ಲಾ ಒಂದೇ ಪಾಸ್‌ವರ್ಡ್ ಮಾಡಿ ಗೋಡೆಗೆ ಅಂಟಿಸಿದ್ರೆ ಯಾರು ಏನು ತೆಗೆದ್ರು ಅಂತ ಗೊತ್ತಾಗಲ್ಲ. ಮೆಟಾಬೇಸ್ ಹಾಕಿರೋ ಸಿಸ್ಟಮನ್ನ ಸಂಜೆ ಮನೆಗೆ ಹೋಗೋವಾಗ ಯಾರೂ ಆಫ್ ಮಾಡದ ಹಾಗೆ ಚೀಟಿ ಹಾಕಿ, ಯುಪಿಎಸ್ ಕೊಡಿ, ಕರೆಂಟ್ ಬಂದ ಮೇಲೆ ತಾನೇ ಶುರುವಾಗೋ ಹಾಗೆ ಸೆಟ್ ಮಾಡಿ. ಬೆಳಿಗ್ಗೆ ರಿಪೋರ್ಟ್ ಓಪನ್ ಆಗ್ತಿಲ್ಲ ಅನ್ನೋ ಫೋನ್ ಬಂದಾಗ ಮೊದಲು ನೋಡಬೇಕಾಗಿರೋದು ಇದನ್ನೇ.

ಈ ಲಕ್ಷಣ ಕಂಡ್ರೆ ನಿಲ್ಲಿಸಿ ನೋಡಿ

ಒಂದೇ ಪ್ರಶ್ನೆಗೆ ಇಬ್ಬರ ಹತ್ರ ಎರಡು ಉತ್ತರ ಇದ್ರೆ ಯಾರೋ ವ್ಯೂ ಬಿಟ್ಟು ಒಳಗಿನ ಟೇಬಲಿಂದ ತೆಗೀತಿದ್ದಾರೆ, ಹಂತ 4ಕ್ಕೆ ವಾಪಸ್ ಹೋಗಿ.

ಪ್ರತಿ ರಿಪೋರ್ಟಿಗೂ ಡೆವಲಪರ್‌ಗೇ ಫೋನ್ ಹೋಗ್ತಿದ್ರೆ ಟೂಲ್ ತಪ್ಪು ಜನರ ಕೈಲಿದೆ, ಇಲ್ಲಾ ವ್ಯೂ ಸಾಲದು. ಯಾವ ಪ್ರಶ್ನೆಗೆ ಫೋನ್ ಬಂತು ಅಂತ ಬರ್ಕೊಳ್ತಾ ಹೋಗಿ, ಅದೇ ಮುಂದಿನ ವ್ಯೂ.

"ಸ್ವಲ್ಪ ಎಡಿಟ್ ಪರ್ಮಿಷನ್ ಕೊಡಿ, ಒಂದೇ ಎಂಟ್ರಿ" ಅನ್ನೋ ಮಾತು ಕೇಳಿಸಿದ್ರೆ ಬಿಲ್ಲಿಂಗ್ ಸಾಫ್ಟ್‌ವೇರಲ್ಲಿ ತಿದ್ದೋ ದಾರಿ ಕಷ್ಟ ಇದೆ ಅಂತ ಅರ್ಥ, ಸರಿ ಮಾಡಿಸಬೇಕಾಗಿರೋದು ಅಲ್ಲಿ.

ಇನ್ನು ಯಾರಾದ್ರೂ ಕೆಲಸ ಬಿಟ್ಟು ಹೋದ್ರೆ ಅವತ್ತೇ ಸಂಜೆ ಅವರ ಲಾಗಿನ್ ಮುಚ್ಚಿ. ಟೂಲಲ್ಲಿ ಮುಚ್ಚಿದ್ರೆ ಸಾಲದು, ಡೇಟಾಬೇಸಲ್ಲಿ ಅವರ ಹೆಸರಲ್ಲಿ ಯೂಸರ್ ಇದ್ರೆ ಅದನ್ನೂ ತೆಗೀರಿ, ಎಸ್‌ಎಸ್‌ಎಚ್ ಕೀ ಕೊಟ್ಟಿದ್ರೆ ಅದನ್ನೂ.